ಫೈಬರ್‌ಗ್ಲಾಸ್‌ಗೆ ನೀಟಾದ ತೂತು: ಯಾವ ಕೆಲಸಕ್ಕೆ ಯಾವ ಬಿಟ್?

ಫೈಬರ್‌ಗ್ಲಾಸ್‌ನಲ್ಲಿ ನಾನು ಕೊರೆದ ಮೊದಲ ತೂತು ಸ್ನಾನದ ಮನೆಯ ಪ್ಯಾನೆಲ್‌ಗೆ. 35 ಮಿ.ಮೀ. ತೂತು. ಅದರೊಳಗಿಂದ ನಲ್ಲಿಯ ಪೈಪ್ ಬರಬೇಕಿತ್ತು. ಕೈಗೆ ಸಿಕ್ಕಿದ್ದು ಮರಕ್ಕೆ ಬಳಸುವ ಚಪ್ಪಟೆ ಬಿಟ್. ಅದನ್ನೇ ಡ್ರಿಲ್‌ಗೆ ಸಿಕ್ಕಿಸಿ ಒತ್ತಿದೆ. ಅಗಲದ ಭಾಗ ತಾಗಿದ ಮೊದಲ ಸುತ್ತಿಗೇ ಅದರ ಮೂಲೆ ಮೇಲ್ಪದರವನ್ನು ಕಚ್ಚಿತು, ಡ್ರಿಲ್ ಕೈಯಲ್ಲೇ ತಿರುಚಿಕೊಂಡಿತು, ಟಪ್ ಅಂತ ಒಂದು ಚಕ್ಕೆ ಹಾರಿತು. ತೂತೇನೋ ಆಯಿತು. ಆದರೆ ಅದರ ಸುತ್ತ ಬೆರಳಗಲ ಹೊಳಪೇ ಇರಲಿಲ್ಲ. ನಲ್ಲಿಯ ಜೊತೆ ಬಂದಿದ್ದ ಸ್ಟೀಲ್ ಬಿಲ್ಲೆ ಮುಚ್ಚುತ್ತದೆ ಅಂದುಕೊಂಡೆ. ಅದೂ ಸಾಲಲಿಲ್ಲ.

ಆಮೇಲೆ ಟ್ಯಾಂಕ್, ದೋಣಿ, ವಿದ್ಯುತ್ ಪೆಟ್ಟಿಗೆ, ಚಾವಣಿ ಶೀಟು ಅಂತ ಬೇಕಾದಷ್ಟು ತೂತು ಕೊರೆದಿದ್ದೇನೆ. ಕೆಲವು ಹಾಳು ಮಾಡಿದ್ದೂ ಇದೆ. ಅದರಿಂದ ಗೊತ್ತಾದದ್ದು ಇಷ್ಟು: ಫೈಬರ್‌ಗ್ಲಾಸ್‌ನಲ್ಲಿ ಉಪಕರಣದ ಬೆಲೆ ಅಳೆಯಬೇಡಿ, ಅದು ಒಳಗೆ ಹೇಗೆ ಇಳಿಯುತ್ತದೆ, ಆ ಕಡೆಗೆ ಹೇಗೆ ಹೊರಬೀಳುತ್ತದೆ ಅನ್ನೋದನ್ನು ನೋಡಿ. ನಡುವಿನ ದಪ್ಪವನ್ನು ಯಾವ ಬಿಟ್ ಬೇಕಾದರೂ ದಾಟುತ್ತದೆ. ತೂತಿನ ಚೆಂದ ತೀರ್ಮಾನವಾಗೋದು ಮೊದಲ ಅರ್ಧ ಮಿಲಿಮೀಟರ್ ಮತ್ತು ಕೊನೆಯ ಅರ್ಧ ಮಿಲಿಮೀಟರ್‌ನಲ್ಲಿ.

ಯಾಕೆ ಹೀಗೆ?

ಫೈಬರ್‌ಗ್ಲಾಸ್ ಅಂದರೆ ಒಂದೇ ವಸ್ತು ಅಲ್ಲ. ಗಾಜಿನ ಎಳೆಗಳು, ಅವನ್ನು ಹಿಡಿದಿಟ್ಟ ರೆಸಿನ್ ಅನ್ನೋ ಅಂಟು, ಎರಡೂ ಸೇರಿದ ಪದರಗಳು. ಎಳೆಗಳು ತಲೆಕೂದಲಿಗಿಂತ ಸಣ್ಣ, ಆದರೆ ಗಾಜು ಗಾಜೇ. ಅದು ಸಾಮಾನ್ಯ ಸ್ಟೀಲಿನ ಅಂಚನ್ನು ಉಜ್ಜಿ ಉಜ್ಜಿ ಮೊಂಡು ಮಾಡುತ್ತದೆ. ರೆಸಿನ್ ಇದಕ್ಕೆ ತದ್ವಿರುದ್ಧ. ಮಾಮೂಲಿ ಪಾಲಿಯೆಸ್ಟರ್ ರೆಸಿನ್‌ಗಳಲ್ಲಿ ಅನೇಕವು ನೀರು ಕುದಿಯುವಷ್ಟು ಬಿಸಿ ಬರುವ ಮೊದಲೇ ಮೆತ್ತಗಾಗಲು ಶುರುವಾಗುತ್ತವೆ. ಗಾಜು ಮೆತ್ತಗಾಗಬೇಕಾದರೆ 800 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಾಗಾಗಿ ಮೊಂಡು ಬಿಟ್ ಹಾಕಿ ಒತ್ತಿದರೆ ರೆಸಿನ್ ಸುಡುತ್ತದೆ, ಗಾಜು ಹಾಗೇ ಉಳಿಯುತ್ತದೆ. ತೂತಿನ ಒಳಗೆ ನಿಂತ ಕೂದಲಿನಂಥ ಎಳೆಗಳು ಅಲ್ಲಿಂದಲೇ ಬರೋದು.

ಇದರ ಮೇಲೆ ಜೆಲ್‌ಕೋಟ್. ಹೊಳೆಯುವ ಬಣ್ಣದ ಹೊರಪದರ. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ. ಅದರಲ್ಲಿ ಎಳೆಯೇ ಇಲ್ಲ, ಬರೀ ರೆಸಿನ್ ಮತ್ತು ಬಣ್ಣ. ಮೊಟ್ಟೆಯ ಚಿಪ್ಪಿನ ಥರ: ಗಟ್ಟಿ, ಆದರೆ ಪೆಳಸು. ಹಲ್ಲೊಂದು ಅದನ್ನು ಕಚ್ಚಿ ಮೇಲೆತ್ತಿದರೆ ಚಕ್ಕೆ ಏಳುತ್ತದೆ. ಹಿಂಬದಿಯ ಕಥೆ ಬೇರೆ. ಅಲ್ಲಿ ಕೊನೆಯ ಪದರಕ್ಕೆ ಹಿಂದಿನಿಂದ ಆಸರೆ ಇರೋದಿಲ್ಲ. ಬಿಟ್ ಕೊರೆಯುವ ಬದಲು ಅದನ್ನು ತಳ್ಳಿಬಿಡುತ್ತದೆ, ಪದರ ಸೀಳಿ ಚಿಂದಿಯಾಗುತ್ತದೆ.

ಇಲ್ಲಿಂದ ಮುಂದೆ ಯಾವ ಉಪಕರಣದ ಮಾತು ಬಂದರೂ ಈ ಎರಡೇ ಪ್ರಶ್ನೆ. ಮೇಲಿನ ಚಿಪ್ಪನ್ನು ಎತ್ತುತ್ತದೋ, ಕೆರೆಯುತ್ತದೋ? ಹಿಂದಿನ ಪದರವನ್ನು ಕತ್ತರಿಸುತ್ತದೋ, ತಳ್ಳುತ್ತದೋ?

ಚಿಕ್ಕ ತೂತು: 10–12 ಮಿ.ಮೀ. ಒಳಗೆ

ಇಲ್ಲಿ ವಿಶೇಷ ಉಪಕರಣ ಬೇಕಿಲ್ಲ. ಲೋಹಕ್ಕೆ ಬಳಸುವ ಸಾದಾ ಹೈಸ್ಪೀಡ್ ಸ್ಟೀಲ್ ಬಿಟ್ ಸಾಕು, ಹರಿತವಾಗಿದ್ದರೆ. ಈ ಷರತ್ತು ಚಿಕ್ಕದಲ್ಲ. ಮರದಲ್ಲಿ ವರ್ಷಗಟ್ಟಲೆ ಬರುವ ಬಿಟ್ ಇಲ್ಲಿ ಕೆಲವೇ ತೂತುಗಳಲ್ಲಿ ಸೋಲುತ್ತದೆ. ದೂಳು ಪುಡಿಪುಡಿಯಾಗಿ ಬರುವ ತನಕ ಬಿಟ್ ಚೆನ್ನಾಗಿದೆ ಅಂತ ಅರ್ಥ. ಅಂಟು ಸುಟ್ಟಂಥ ಘಾಟು ಬಂತೋ, ಬದಲಾಯಿಸಿ. ಐವತ್ತು ನೂರು ತೂತು ಕೊರೆಯುವ ಕೆಲಸ ಇದ್ದರೆ ಪೂರ್ತಿ ಕಾರ್ಬೈಡ್‌ನ (ಸ್ಟೀಲಿಗಿಂತ ಗಟ್ಟಿ, ಆದರೆ ಪೆಳಸಾದ ವಸ್ತು) ಬಿಟ್ ತೆಗೆದುಕೊಳ್ಳಿ. ಅದು ತುಂಬಾ ಬಾಳಿಕೆ ಬರುತ್ತದೆ. ಆದರೆ ಕೈ ಸ್ವಲ್ಪ ಓರೆಯಾದರೂ ಮುರಿಯುತ್ತದೆ, ಅದರಲ್ಲೂ ಸಣ್ಣ ಅಳತೆಯವು. ಕೈಯಲ್ಲಿ ಹಿಡಿಯುವ ಡ್ರಿಲ್‌ಗೆ ನಾನಂತೂ 5 ಮಿ.ಮೀ.ಗಿಂತ ಚಿಕ್ಕ ಕಾರ್ಬೈಡ್ ಬಿಟ್ ಹಾಕುವುದಿಲ್ಲ.

ಬಿಟ್ ಯಾವುದೇ ಇರಲಿ, ಒಂದು ಉಪಾಯ ಮರೆಯಬೇಡಿ. ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಶುರು ಮಾಡಿ. ಉಲ್ಟಾ ತಿರುಗುವಾಗ ಹಲ್ಲಿನ ಹರಿತ ಮುಖ ಮುಂದಿರೋದಿಲ್ಲ, ಬೆನ್ನು ಮುಂದಿರುತ್ತದೆ. ಬೆನ್ನು ಕಚ್ಚುವುದಿಲ್ಲ, ಸುಮ್ನೆ ಕೆರೆಯುತ್ತದೆ. ಜೆಲ್‌ಕೋಟ್ ದಾಟಿ ಒಳಗಿನ ಎಳೆಯ ಪದರ ಕಂಡ ಮೇಲೆ ಸರಿಯಾದ ದಿಕ್ಕಿಗೆ ತಿರುಗಿಸಿ. ಕಾಸು ಖರ್ಚಿಲ್ಲದ ಇಷ್ಟು ಒಳ್ಳೆಯ ಉಪಾಯ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಸ್ಕ್ರೂಗೆ ತೂತು ಮಾಡುವವರು ಇಷ್ಟಕ್ಕೇ ನಿಲ್ಲಬಾರದು. ಸ್ಕ್ರೂವಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಹರಡಿರೋದನ್ನು ನೋಡಿರುತ್ತೀರಿ. ಅದು ತೂತು ಕೊರೆದಾಗ ಬಂದದ್ದಲ್ಲ, ಸ್ಕ್ರೂ ತಿರುಗಿಸಿದಾಗ ಬಂದದ್ದು. ಸ್ಕ್ರೂವಿನ ಸುರುಳಿ ಜೆಲ್‌ಕೋಟ್‌ಗೂ ಕಚ್ಚಿ ಅದನ್ನು ಮೇಲೆತ್ತುತ್ತದೆ. ಹಾಗಾಗಿ ಮೊದಲು ಸಣ್ಣ ತೂತು ಕೊರೆಯಿರಿ, ಆಮೇಲೆ ಕೌಂಟರ್‌ಸಿಂಕ್ ಬಿಟ್‌ನಿಂದ ಬಾಯಿಯನ್ನಷ್ಟೇ ಸ್ಕ್ರೂವಿನ ಹೊರ ಅಳತೆಗಿಂತ ಒಂಚೂರು ಜಾಸ್ತಿ ಅಗಲ ಮಾಡಿ. ಸುರುಳಿ ಎಳೆಯ ಪದರಕ್ಕೆ ಮಾತ್ರ ಕಚ್ಚಲಿ. ಕೌಂಟರ್‌ಸಿಂಕ್ ಬಿಟ್ ಇಲ್ಲದಿದ್ದರೆ ದಪ್ಪ ಬಿಟ್ ಒಂದನ್ನು ಕೈಯಲ್ಲೇ ಹಿಡಿದು ನಾಲ್ಕು ಸುತ್ತು ತಿರುಗಿಸಿದರೂ ಆಗುತ್ತದೆ.

ಇನ್ನೊಂದು ಬಲೆ ಇದೆ, ಬಹಳ ಜನ ಬೀಳುವಂಥದ್ದು. ಮೊದಲೇ ಇರುವ 4 ಮಿ.ಮೀ. ತೂತನ್ನು 10ಕ್ಕೆ ಹಿಗ್ಗಿಸಬೇಕು, ನೇರವಾಗಿ 10ರ ಬಿಟ್ ಹಾಕುತ್ತಾರೆ. ಆಗ ಬಿಟ್‌ನ ಮೊನೆಗೆ ಊರಲು ಜಾಗವೇ ಇಲ್ಲ. ಅಂಚಿನ ಎರಡು ಮೂಲೆಗಳು ಮಾತ್ರ ತಾಗುತ್ತವೆ. ಬಿಟ್ ಸ್ಕ್ರೂ ಥರ ತಾನೇ ಒಳಗೆ ಎಳೆದುಕೊಂಡು ಹೋಗುತ್ತದೆ, ಹೋಗುವಾಗ ಬಾಯಿಯನ್ನು ಕಿತ್ತುಕೊಂಡೇ ಹೋಗುತ್ತದೆ. ಹಿಗ್ಗಿಸುವ ಕೆಲಸ ಸಾದಾ ಬಿಟ್‌ನದ್ದಲ್ಲ, ಸ್ಟೆಪ್ ಡ್ರಿಲ್‌ನದ್ದು.

ಸ್ಟೆಪ್ ಡ್ರಿಲ್: ತೆಳು ಶೀಟಿನ ರಾಜ

ಬುಗುರಿಗೆ ಮೆಟ್ಟಿಲು ಕಡೆದ ಹಾಗಿರುತ್ತದೆ ಇದು. ಕೆಳಗೆ ಸಣ್ಣ ಅಳತೆ, ಮೇಲೆ ಹೋದಂತೆ ದೊಡ್ಡದು. ಒಂದೊಂದು ಮೆಟ್ಟಿಲೂ ಹಿಂದಿನ ತೂತನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತದೆ. ಒಂದೇ ಸಲ ಜಾಸ್ತಿ ಕಚ್ಚುವುದಿಲ್ಲ, ಅದಕ್ಕೇ ಚಕ್ಕೆ ಕಡಿಮೆ. ಬೇಕಾದ ಅಳತೆ ಸಿಕ್ಕಿದ ಮೇಲೆ ಮುಂದಿನ ಮೆಟ್ಟಿಲನ್ನು ಬಾಯಿಗೆ ಹಗುರವಾಗಿ ತಾಗಿಸಿದರೆ ಅಂಚು ಸವೆದು ನಯವಾಗುತ್ತದೆ. ವಿದ್ಯುತ್ ಪೆಟ್ಟಿಗೆಗೆ ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಬರುವ ಕಡೆ ಅದನ್ನು ಬಿಗಿಹಿಡಿಯುವ ಬಿಡಿಭಾಗ) ಕೂರಿಸಲು, ತೆಳು ಪ್ಯಾನೆಲ್‌ಗೆ ಸ್ವಿಚ್ ಕೂರಿಸಲು ಇದನ್ನು ಮೀರಿದ್ದು ಇಲ್ಲ. ನೇರವಾದ ಅಂಚಿರುವುದಕ್ಕಿಂತ ಸುರುಳಿ ಅಂಚಿರುವುದು ನಯವಾಗಿ ಓಡುತ್ತದೆ, ಕಡಿಮೆ ಅದುರುತ್ತದೆ.

ಆದರೆ ಕೊಳ್ಳುವ ಮೊದಲು ಒಂದು ಅಳತೆ ನೋಡಿ: ಒಂದು ಮೆಟ್ಟಿಲಿನ ಎತ್ತರ ಎಷ್ಟು? ಪ್ಯಾನೆಲ್ ಅದಕ್ಕಿಂತ ದಪ್ಪ ಇದ್ದರೆ, ಹಿಂಬದಿ ಬೇಕಾದ ಅಳತೆಗೆ ಬರುವ ಹೊತ್ತಿಗೆ ಮುಂಬದಿ ಮುಂದಿನ ಅಳತೆಗೆ ಹೋಗಿಬಿಟ್ಟಿರುತ್ತದೆ. 4 ಮಿ.ಮೀ. ಎತ್ತರದ ಮೆಟ್ಟಿಲಿನ ಬಿಟ್‌ನಿಂದ 6 ಮಿ.ಮೀ. ದಪ್ಪದ ಪ್ಯಾನೆಲ್‌ಗೆ ಒಂದೇ ಅಳತೆಯ ತೂತು ಬರೋದಿಲ್ಲ. ಎರಡೂ ಕಡೆಯಿಂದ ಅರ್ಧರ್ಧ ಕೊರೆದು ಸರಿ ಮಾಡಿಕೊಳ್ಳಬಹುದು, ಹಿಂಬದಿಗೆ ಕೈ ಹೋಗುವ ಹಾಗಿದ್ದರೆ. ಬೇಕಾದ ಮೆಟ್ಟಿಲಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಗಿರ್ರನೆ ತಿರುಗುವಾಗ ಮೆಟ್ಟಿಲು ಎಣಿಸೋಕೆ ಆಗಲ್ಲ, ಅಲ್ವಾ?

20ರಿಂದ 100 ಮಿ.ಮೀ.: ಹೋಲ್ ಸಾಗಳ ಜಾತಿ

ನಿಜವಾದ ಗೊಂದಲ ಇಲ್ಲೇ. ಹೋಲ್ ಸಾ ಅಂತ ಕೇಳಿದರೆ ನಾಲ್ಕೈದು ಬಗೆ ಮುಂದಿಡುತ್ತಾರೆ. ಎಲ್ಲವೂ ಲೋಟದ ಆಕಾರ, ಬಾಯಿಯ ಸುತ್ತ ಕೊರೆಯುವ ಅಂಚು. ವ್ಯತ್ಯಾಸವೆಲ್ಲ ಆ ಅಂಚಿನಲ್ಲಿದೆ.

ಅಗ್ಗದ ಸೆಟ್‌ನಲ್ಲಿ ಬರುವ ಮರದ ಹೋಲ್ ಸಾ ಮೊದಲೇ ಬದಿಗಿಡಿ. ಮಾಮೂಲಿ ಸ್ಟೀಲು, ದೊಡ್ಡ ದೊಡ್ಡ ಹಲ್ಲು. ಮೊದಲ ಸುತ್ತಿಗೆ ಜೆಲ್‌ಕೋಟ್ ಕೀಳುತ್ತದೆ, ಹತ್ತನೇ ಸುತ್ತಿನ ಹೊತ್ತಿಗೆ ತಾನೇ ಮೊಂಡಾಗಿ ರೆಸಿನ್ ಸುಡುತ್ತದೆ.

ಬೈಮೆಟಲ್ ಹೋಲ್ ಸಾ ಹೆಚ್ಚಿನವರಿಗೆ ಸರಿಹೋಗುವ ಆಯ್ಕೆ. ಹಲ್ಲು ಹೈಸ್ಪೀಡ್ ಸ್ಟೀಲ್, ಮೈ ಬಾಗುವ ಗುಣದ ಸ್ಟೀಲ್, ಎರಡನ್ನೂ ಬೆಸೆದಿರುತ್ತಾರೆ. ಹಲ್ಲುಗಳು ಸಣ್ಣ, ಒತ್ತೊತ್ತಾಗಿರುತ್ತವೆ. ಉಲ್ಟಾ ತಿರುಗಿಸಿ ಜೆಲ್‌ಕೋಟ್ ದಾಟಿಸಿ, ಆಮೇಲೆ ನೇರ ತಿರುಗಿಸಿದರೆ ಅಂಚು ನೀಟಾಗೇ ಬರುತ್ತದೆ. ಕೆಲವು ತೂತುಗಳ ನಂತರ ಮೊಂಡಾಗುತ್ತದೆ, ನಿಜ. ಆದರೆ ಮನೆಯಲ್ಲಿ ಒಂದೋ ಎರಡೋ ತೂತು ಬೇಕಾದವರು ಇದನ್ನು ಬಿಟ್ಟು ಬೇರೆ ಕೊಳ್ಳಬೇಕಿಲ್ಲ. ಒಂದು ಮಾತು: ಈಗಾಗಲೇ ಕಬ್ಬಿಣಕ್ಕೆ ಬಳಸಿ ಸವೆದದ್ದನ್ನು ಇದಕ್ಕೆ ತರಬೇಡಿ.

ಕಾರ್ಬೈಡ್ ಹಲ್ಲು ಬೆಸೆದ ಹೋಲ್ ಸಾದಲ್ಲಿ ಎರಡು ಥರ. ಮೂರು ನಾಲ್ಕೇ ದೊಡ್ಡ ಹಲ್ಲು ಇರುವುದು ಮರಕ್ಕೆ, ಪ್ಲಾಸ್ಟಿಕ್‌ಗೆ ವೇಗವಾಗಿ ಹೋಗಲಿ ಅಂತ ಮಾಡಿದ್ದು. ಅದು ಬಾಳಿಕೆ ಬರುತ್ತದೆ ಅಂತ ಆಸೆಯಿಂದ ಕೊಳ್ಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಹಲ್ಲು ಕಡಿಮೆ ಇದ್ದಷ್ಟೂ ಒಂದೊಂದು ಹಲ್ಲೂ ಜಾಸ್ತಿ ಕಚ್ಚುತ್ತದೆ, ಡ್ರಿಲ್ ಕೈ ಜಗ್ಗುತ್ತದೆ. ಹೊರಗೆ ಕಾಣುವ ಜಾಗಕ್ಕಂತೂ ಬೇಡ. ಒತ್ತಾದ ಸಣ್ಣ ಕಾರ್ಬೈಡ್ ಹಲ್ಲುಗಳಿರುವುದಾದರೆ ಪರವಾಗಿಲ್ಲ.

ಇನ್ನು ಹಲ್ಲೇ ಇಲ್ಲದವು. ಕಾರ್ಬೈಡ್ ಹರಳು ಅಂಟಿಸಿದ್ದು ಒಂದು, ಡೈಮಂಡ್ ಹರಳಿನದ್ದು ಇನ್ನೊಂದು. ಅಂಚು ಮುಟ್ಟಿದರೆ ಒರಟು ಸ್ಯಾಂಡ್‌ಪೇಪರ್ ಥರ ಇರುತ್ತದೆ. ಇವು ಕತ್ತರಿಸುವುದೇ ಇಲ್ಲ, ಉಜ್ಜುತ್ತವೆ. ಕಚ್ಚಿ ಎತ್ತಲು ಹಲ್ಲೇ ಇಲ್ಲವಲ್ಲ, ಅದಕ್ಕೇ ಜೆಲ್‌ಕೋಟ್ ಅಂಚು ಗೆರೆ ಎಳೆದ ಹಾಗೆ ಬರುತ್ತದೆ. ಹಿಂಬದಿ ಪದರವೂ ಅಷ್ಟಾಗಿ ಸೀಳುವುದಿಲ್ಲ. ಗಾಜಿಗಿಂತ ಎರಡೂ ಗಟ್ಟಿ, ಹಾಗಾಗಿ ಗಾಜು ಇವನ್ನು ಬೇಗ ಸೋಲಿಸಲಾರದು. ಹರಳಿಗೆ ದಿಕ್ಕಿಲ್ಲ, ಉಲ್ಟಾ ಸೀದಾ ಯಾವ ಕಡೆ ತಿರುಗಿಸಿದರೂ ಒಂದೇ. ಅಂಚು ಎದ್ದು ಕಾಣುವ ಜಾಗವಾದರೆ, ತೂತುಗಳೂ ಹತ್ತಾರು ಇದ್ದರೆ, ಡೈಮಂಡ್‌ಗೆ ಹಣ ಹಾಕಿ.

ಇದಕ್ಕೂ ತೊಂದರೆಗಳಿವೆ. ನಿಧಾನ. ಒತ್ತಿದರೆ ಬೇಗ ಆಗುತ್ತದೆ ಅನ್ನೋದು ಇಲ್ಲಿ ನಡೆಯಲ್ಲ. ಒತ್ತಿದಷ್ಟೂ ಬಿಸಿಯಾಗಿ ರೆಸಿನ್ ಮೆತ್ತಗಾಗುತ್ತದೆ, ಹರಳುಗಳ ನಡುವೆ ಅಂಟಿಕೊಂಡು ಅಂಚನ್ನೇ ನುಣುಪು ಮಾಡಿಬಿಡುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಹೊಗೆ ಮಾತ್ರ. ಹಾಗಾದಾಗ ಬಿಸಾಡಬೇಡಿ. ಸಾಣೆಕಲ್ಲಿನ ಚೂರಿಗೋ ಒರಟು ಇಟ್ಟಿಗೆಗೋ ಸ್ವಲ್ಪ ಹೊತ್ತು ಕೊರೆಸಿ. ಅಂಟಿದ್ದು ಉದುರಿ ಹರಳು ಮತ್ತೆ ಮೇಲೆ ಬರುತ್ತದೆ. ಕೊರೆಯುವಾಗ ಪ್ರತಿ ಕೆಲವು ಸೆಕೆಂಡಿಗೆ ಹೊರಗೆಳೆದು ದೂಳು ಬೀಳಿಸಿ, ತಣಿಯಲು ಬಿಡಿ.

ಟೈಲ್‌ಗೆ ಅಂತ ಮಾರುವ ಡೈಮಂಡ್ ಹೋಲ್ ಸಾಗಳಲ್ಲಿ ಎಷ್ಟೋ ಸಲ ಪೈಲಟ್ ಬಿಟ್, ಅಂದರೆ ನಡುವೆ ಮೊದಲು ಊರಿ ದಾರಿ ಹಿಡಿಸುವ ಸಣ್ಣ ಬಿಟ್, ಇರೋದಿಲ್ಲ. ನುಣುಪು ಜೆಲ್‌ಕೋಟ್ ಮೇಲೆ ಅದು ಜಾರಿ ಓಡಾಡಿ ಗೀರು ಹಾಕುತ್ತದೆ. ಒಂದು ತುಂಡು ಪ್ಲೈವುಡ್‌ಗೆ ಅದೇ ಅಳತೆಯ ತೂತು ಮಾಡಿ, ಅದನ್ನು ಪ್ಯಾನೆಲ್ ಮೇಲೆ ಬಿಗಿದು, ಆ ತೂತಿನೊಳಗೆ ಹೋಲ್ ಸಾ ಇಳಿಸಿ. ಪೈಲಟ್ ಇರುವುದೇ ಸಿಕ್ಕಿದರೆ ಈ ತಾಪತ್ರಯವಿಲ್ಲ.

ವೇಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಡ್ರಿಲ್ ನಿಮಿಷಕ್ಕೆ 500 ಸುತ್ತು ತಿರುಗುತ್ತಿದೆ ಅನ್ನಿ. 25 ಮಿ.ಮೀ. ಹೋಲ್ ಸಾದ ಅಂಚು ಆ ನಿಮಿಷದಲ್ಲಿ ಸುಮಾರು 39 ಮೀಟರ್ ಓಡುತ್ತದೆ. 75 ಮಿ.ಮೀ.ನದ್ದು ಸುಮಾರು 118 ಮೀಟರ್! ಡ್ರಿಲ್‌ನ ವೇಗ ಒಂದೇ, ಅಂಚಿನ ವೇಗ ಮೂರು ಪಟ್ಟು, ಬಿಸಿಯೂ ಅದಕ್ಕೆ ತಕ್ಕಂತೆ. ಹಾಗಾಗಿ ಹಲ್ಲಿರುವ ಹೋಲ್ ಸಾ ದೊಡ್ಡದಾದಷ್ಟೂ ಡ್ರಿಲ್ ನಿಧಾನ ಮಾಡಿ. ಹರಳಿನ ಅಂಚಿಗೆ ಸ್ವಲ್ಪ ಜಾಸ್ತಿ ವೇಗ ಕೊಡಬಹುದು, ಒತ್ತಡ ಮಾತ್ರ ಕಡಿಮೆ ಇರಲಿ. ಮತ್ತೆ, ಡ್ರಿಲ್‌ನಲ್ಲಿ ಸುತ್ತಿಗೆಯ ಗುರುತಿನ ಗುಂಡಿ ಇದ್ದರೆ ಅದು ಆಫ್ ಆಗಿದೆಯೇ ಅಂತ ಎರಡು ಸಲ ನೋಡಿ. ಗೋಡೆ ಕೊರೆದು ಬಂದ ಡ್ರಿಲ್ ಅದೇ ಗುರುತಿನಲ್ಲಿ ಉಳಿದಿರುತ್ತದೆ. ಅದು ಒಂದು ಸಲ ಕುಟ್ಟಿದರೂ ಜೆಲ್‌ಕೋಟ್ ಪುಡಿ.

ಟೇಪ್ ಅಂಟಿಸಿದರೆ ಸಾಕಾ?

ಮಾಸ್ಕಿಂಗ್ ಟೇಪ್ ಅಂಟಿಸಿ ಕೊರೆಯಿರಿ, ಚಕ್ಕೆ ಏಳಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅಂಟಿಸುತ್ತೇನೆ. ಆದರೆ ಅದು ಚಕ್ಕೆ ತಡೆಯುತ್ತದೆ ಅಂತ ನಂಬಿಕೊಂಡು ಅಲ್ಲ. ದೊಡ್ಡ ಹಲ್ಲಿನ ಬಿಟ್ ಮುಂದೆ ಕಾಗದದ ಟೇಪ್ ಏನು ಮಾಡೀತು? ಟೇಪ್‌ನ ನಿಜವಾದ ಉಪಯೋಗ ಬೇರೆ. ಪೆನ್ಸಿಲ್ ಗುರುತು ಕಾಣುತ್ತದೆ, ಬಿಟ್‌ನ ಮೊನೆ ಜಾರುವುದಿಲ್ಲ, ಸುತ್ತಲ ಹೊಳಪಿಗೆ ಗೀರು ಬೀಳುವುದಿಲ್ಲ. ಚಕ್ಕೆ ತಡೆಯೋದು ಉಲ್ಟಾ ತಿರುಗಿಸುವುದು ಮತ್ತು ಸರಿಯಾದ ಅಂಚು.

ಹಿಂಬದಿಗೆ ಮಾತ್ರ ಟೇಪ್ ಏನೂ ಸಾಲದು. ಅಲ್ಲಿ ಮರದ ಹಲಗೆ ಬೇಕು, ಪ್ಯಾನೆಲ್‌ಗೆ ಗಟ್ಟಿಯಾಗಿ ಒತ್ತಿ ಬಿಗಿದಿರಬೇಕು. ಬಿಟ್ ಪ್ಯಾನೆಲ್‌ನಿಂದ ನೇರ ಹಲಗೆಯೊಳಗೆ ಇಳಿದರೆ ಕೊನೆಯ ಪದರಕ್ಕೆ ಸೀಳಲು ಜಾಗವೇ ಸಿಗೋದಿಲ್ಲ. ಹಿಂದೆ ಕೈ ಹೋಗುತ್ತದೆ, ಆದರೆ ಹಲಗೆ ಬಿಗಿಯಲು ಆಗಲ್ಲ ಅನ್ನುವ ಕಡೆ ಇನ್ನೊಂದು ದಾರಿ. ಪೈಲಟ್ ಬಿಟ್‌ನಿಂದ ಆರುಪಾರು ತೂತು ಮಾಡಿ, ಹೊಳೆಯುವ ಕಡೆಯಿಂದ ಹೋಲ್ ಸಾ ಅರ್ಧ ದಪ್ಪ ಇಳಿಸಿ, ಆಮೇಲೆ ಅದೇ ಪೈಲಟ್ ತೂತು ಹಿಡಿದು ಹಿಂಬದಿಯಿಂದ ಉಳಿದರ್ಧ ಕೊರೆಯಿರಿ. ಎರಡೂ ಮುಖ ನೀಟು. ಸೀಳಿದರೂ ನಡುವೆ ಎಲ್ಲೋ ಸೀಳುತ್ತದೆ, ಯಾರೂ ನೋಡುವುದಿಲ್ಲ.

ತೆಳು ಚಾವಣಿ ಶೀಟಿಗಂತೂ ಆಸರೆ ಇಲ್ಲದೆ ಕೈ ಹಾಕಲೇಬೇಡಿ. ಅದು ಬಾಗುತ್ತದೆ, ಬಿಟ್ ದಾಟಿದ ತಕ್ಷಣ ಮೇಲಕ್ಕೆ ಜಿಗಿಯುತ್ತದೆ, ಬಿಟ್‌ನ ಸುರುಳಿಗೆ ಸಿಕ್ಕಿಕೊಳ್ಳುತ್ತದೆ.

100 ಮಿ.ಮೀ. ದಾಟಿದರೆ, ಅಥವಾ ತೂತು ಗುಂಡಗಿಲ್ಲದಿದ್ದರೆ

ಇಲ್ಲಿ ಜಿಗ್ ಸಾ (ಮೇಲೆ ಕೆಳಗೆ ಓಡುವ ಸಣ್ಣ ಬ್ಲೇಡಿನ ಗರಗಸ), ರೂಟರ್ (ವೇಗವಾಗಿ ತಿರುಗುವ ಬಿಟ್‌ನಿಂದ ಅಂಚು ಕಡೆಯುವ ಯಂತ್ರ), ಮಲ್ಟಿಟೂಲ್ (ಅದುರುವ ಬ್ಲೇಡಿನ ಕೈಯಂತ್ರ) ಮೂರಕ್ಕೆ ಪೈಪೋಟಿ.

ಜಿಗ್ ಸಾ ಬಹಳ ಜನರ ಹತ್ತಿರ ಇರುತ್ತದೆ. ಸಮಸ್ಯೆ ಏನೆಂದರೆ ಮಾಮೂಲಿ ಬ್ಲೇಡ್ ಕತ್ತರಿಸೋದು ಮೇಲಕ್ಕೆ ಬರುವಾಗ. ಅಂದರೆ ನೀವು ನೋಡುತ್ತಿರುವ ಮುಖದ ಚಕ್ಕೆಯನ್ನೇ ಎತ್ತುತ್ತದೆ. ಒಂದೋ ಹಿಂಬದಿಯಿಂದ ಕತ್ತರಿಸಿ, ಇಲ್ಲವೇ ಹಲ್ಲು ಕೆಳಮುಖವಾಗಿರುವ ಬ್ಲೇಡ್ ಹಾಕಿ. ಎಲ್ಲಕ್ಕಿಂತ ಒಳ್ಳೆಯದು ಹಲ್ಲಿಲ್ಲದ, ಕಾರ್ಬೈಡ್ ಹರಳಿನ ಬ್ಲೇಡ್. ನಿಧಾನ, ಆದರೆ ಅಂಚು ಕಾಯುತ್ತದೆ. ಬ್ಲೇಡನ್ನು ಹಿಂದೆ ಮುಂದೆ ತೂಗಾಡಿಸುವ ಗುಂಡಿಯನ್ನು ಸೊನ್ನೆಗೆ ಇಡಿ. ಜಿಗ್ ಸಾದ ತಳಕ್ಕೂ ಟೇಪ್ ಅಂಟಿಸಿ, ಇಲ್ಲದಿದ್ದರೆ ಅದು ಓಡಿದ ದಾರಿಯುದ್ದಕ್ಕೂ ಗೀರು. ಮೂಲೆಗಳಲ್ಲಿ ಮೊದಲೇ ಗುಂಡು ತೂತು ಕೊರೆದುಕೊಳ್ಳಿ. ಚೂಪು ಮೂಲೆ ಬಿಟ್ಟರೆ ಮುಂದೆ ಅಲ್ಲಿಂದಲೇ ಬಿರುಕು ಹೊರಡುತ್ತದೆ.

ರೂಟರ್ ಕೊಡುವ ಅಂಚು ಜಿಗ್ ಸಾಗೆ ಸಾಧ್ಯವಿಲ್ಲ. ಪ್ಲೈವುಡ್‌ನಲ್ಲಿ ಬೇಕಾದ ಆಕಾರದ ಅಚ್ಚು ಮಾಡಿ ಬಿಗಿದು, ಅದರ ಅಂಚು ಹಿಡಿದು ಓಡಿಸಿದರೆ ಹತ್ತು ತೂತು ಮಾಡಿದರೂ ಹತ್ತೂ ಒಂದೇ ಥರ. ಬಿಟ್ ಮಾತ್ರ ಪೂರ್ತಿ ಕಾರ್ಬೈಡ್ ಇರಲಿ. ಫೈಬರ್‌ಗ್ಲಾಸ್‌ಗೆಂದೇ ಮೈತುಂಬ ಚೌಕುಳಿ ಹಲ್ಲು ಕಡೆದ ಬಿಟ್‌ಗಳು ಸಿಗುತ್ತವೆ, ಅವು ಎಳೆ ಎತ್ತದೆ ಪುಡಿ ಮಾಡುತ್ತವೆ. ಆದರೆ ದೂಳು! ಮೂರೂ ಉಪಕರಣಗಳಲ್ಲಿ ಇದೇ ಜಾಸ್ತಿ ದೂಳೆಬ್ಬಿಸುವುದು. ದೂಳು ಹೀರುವ ಪೈಪ್ ಜೋಡಿಸದೆ ರೂಟರ್ ಶುರು ಮಾಡಬಾರದು. ಒಂದೇ ಒಂದು ತೂತಿಗೆ ಅಚ್ಚು, ಕ್ಲ್ಯಾಂಪು ಅಂತ ಇಷ್ಟೆಲ್ಲ ತಯಾರಿ ಬೇಕಾ ಅಂತಲೂ ಯೋಚಿಸಿ.

ಮಲ್ಟಿಟೂಲ್ ಮೂಲೆ ಮುಡುಕಿಗೆ, ಬೇರೆ ಯಂತ್ರ ಹೋಗದ ಜಾಗಕ್ಕೆ. ಚೌಕದ ಅಂಚಿಗೆ ಒಳ್ಳೆಯದು, ಗುಂಡು ತೂತಿಗೆ ಅಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ರೋಟರಿ ಟೂಲ್‌ಗೆ ಡೈಮಂಡ್ ಬಿಟ್ ಹಾಕಿ ಇಡೀ ತೂತು ಕೊರೆಯಲು ಹೊರಡಬೇಡಿ, ಗೆರೆ ಅಂಕುಡೊಂಕಾಗುತ್ತದೆ. ಕೊರೆದ ತೂತನ್ನು ಒಂದು ಮಿಲಿಮೀಟರ್ ಸರಿಪಡಿಸಲು ಅದು ಸರಿ.

ಇರುವ ತೂತನ್ನು ದೊಡ್ಡದು ಮಾಡುವುದು

50 ಮಿ.ಮೀ. ತೂತಿದೆ, 60 ಬೇಕು. ಹೋಲ್ ಸಾದ ಪೈಲಟ್ ಬಿಟ್ ಊರಲು ನಡುವೆ ಏನೂ ಇಲ್ಲ. ಕೈ ಅಂದಾಜಿನಲ್ಲಿ ಹಿಡಿದರೆ ಖಂಡಿತ ಜಾರುತ್ತದೆ. ಹಳೆಯ ತೂತಿಗೆ ಬಿಗಿಯಾಗಿ ಕೂರುವ ಮರದ ಬಿಲ್ಲೆ ಮಾಡಿ ತುರುಕಿ, ಅದರ ನಡುವೆ ಪೈಲಟ್ ಊರಿ. ಅಥವಾ ಮೊದಲು ಹೇಳಿದ ಪ್ಲೈವುಡ್ ಅಚ್ಚನ್ನೇ ಬಳಸಿ. ಹೋಲ್ ಸಾವನ್ನು ಡ್ರಿಲ್‌ಗೆ ಜೋಡಿಸುವ ದಂಡಕ್ಕೆ ಆರ್ಬರ್ ಅಂತಾರೆ. ಕೆಲವು ಆರ್ಬರ್‌ಗಳಲ್ಲಿ ಚಿಕ್ಕದು ದೊಡ್ಡದು ಎರಡು ಹೋಲ್ ಸಾ ಒಟ್ಟಿಗೆ ಕೂರುತ್ತವೆ. ಚಿಕ್ಕದು ಹಳೆಯ ತೂತಿನಲ್ಲಿ ಸುಮ್ನೆ ದಾರಿ ತೋರಿಸುತ್ತದೆ, ದೊಡ್ಡದು ಕೊರೆಯುತ್ತದೆ. ತೂತು ಹಿಗ್ಗಿಸುವ ಕೆಲಸ ಪದೇ ಪದೇ ಬರುವವರು ಆರ್ಬರ್ ಕೊಳ್ಳುವಾಗಲೇ ಇದನ್ನು ಕೇಳಿ ತೆಗೆದುಕೊಳ್ಳಿ.

ನಡುವೆ ತಿರುಳಿದ್ದರೆ

ದೋಣಿಯ ಡೆಕ್, ಕೆಲವು ದೊಡ್ಡ ಪ್ಯಾನೆಲ್‌ಗಳು ಗಟ್ಟಿ ಫೈಬರ್‌ಗ್ಲಾಸ್ ಅಲ್ಲ. ಎರಡು ತೆಳು ಪದರ, ನಡುವೆ ಬಾಲ್ಸಾ ಮರವೋ ಫೋಮೋ ತುಂಬಿರುತ್ತದೆ. ಕೊರೆಯುವಾಗ ಬಿಟ್ ಇದ್ದಕ್ಕಿದ್ದಂತೆ ಸಲೀಸಾಗಿ ಇಳಿದರೆ ತಿರುಳು ಸಿಕ್ಕಿತು ಅಂತ ತಿಳಿಯಿರಿ. ತಕ್ಷಣ ಕೈ ಸಡಿಲ ಮಾಡಿ, ಇಲ್ಲದಿದ್ದರೆ ಕೆಳಗಿನ ಪದರಕ್ಕೆ ಬಿಟ್ ಗುದ್ದುತ್ತದೆ. ಡೈಮಂಡ್ ಜೊತೆ ನೀರು ಬಳಸುವವರು ಇಲ್ಲಿ ನೀರು ಮುಟ್ಟಬೇಡಿ. ಬಾಲ್ಸಾ ನೀರು ಕುಡಿದರೆ ಒಳಗೇ ಕೊಳೆಯುತ್ತದೆ. ನೀರಿಳಿಯುವ ಜಾಗದಲ್ಲಿ ಇಂಥ ತೂತು ಮಾಡಿದರೆ, ತೂತಿನ ಸುತ್ತ ತಿರುಳನ್ನು ಸ್ವಲ್ಪ ಕೆರೆದು ತೆಗೆದು, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಅದು ಒಣಗಿದ ಮೇಲೆ ಮತ್ತೆ ಕೊರೆಯಬೇಕು. ಎರಡು ಪಟ್ಟು ಕೆಲಸ, ಆದರೆ ಬೇರೆ ದಾರಿ ಇಲ್ಲ.

ದೂಳು

ನಯವಾದ ತೂತಿನ ಆಸೆಗೆ ಡೈಮಂಡ್ ಕೊಂಡವರಿಗೆ ಒಂದು ವಿಷಯ ಗೊತ್ತಿರಬೇಕು: ಅಂಚು ನಯವಾದಷ್ಟೂ ದೂಳು ಸಣ್ಣ. ಉಜ್ಜುವ ಉಪಕರಣದ ದೂಳು ಗಾಳಿಯಲ್ಲೇ ತೇಲುತ್ತಿರುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್‌95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್, ಪಕ್ಕ ಮುಚ್ಚಿರುವ ಕನ್ನಡಕ ಹಾಕಿ. ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿಗೆ ಟೇಪ್ ಸುತ್ತಿ. ಸಡಿಲ ಕೈಗವಸು ಬೇಡ, ತಿರುಗುವ ಬಿಟ್‌ಗೆ ಸಿಕ್ಕಿಕೊಳ್ಳುತ್ತದೆ. ಡ್ರಿಲ್ ಪಕ್ಕದಲ್ಲೇ ದೂಳು ಹೀರುವ ಪೈಪ್ ಹಿಡಿಯಲು ಇನ್ನೊಬ್ಬರಿದ್ದರೆ ಅರ್ಧ ಕಷ್ಟ ಕಡಿಮೆ. ನೀರು ಚಿಮುಕಿಸಿದರೂ ದೂಳು ಕೂರುತ್ತದೆ, ಬಿಸಿಯೂ ಇಳಿಯುತ್ತದೆ. ಆದರೆ ಆಗ ಬ್ಯಾಟರಿ ಡ್ರಿಲ್ ಮಾತ್ರ, ವೈರ್ ಇರುವುದು ಬೇಡವೇ ಬೇಡ.

ಕೆಲಸ ಮುಗಿದ ಮೇಲೆ ಮೈ ನವೆಯಾದರೆ ಉಜ್ಜಬೇಡಿ, ಎಳೆ ಇನ್ನೂ ಒಳಗೆ ಚುಚ್ಚಿಕೊಳ್ಳುತ್ತದೆ. ಮೊದಲು ಹರಿಯುವ ತಣ್ಣೀರಲ್ಲಿ ತೊಳೆಯಿರಿ, ಆಮೇಲೆ ಸೋಪು. ಆ ಬಟ್ಟೆಯನ್ನು ಮನೆಯ ಬೇರೆ ಬಟ್ಟೆಗಳ ಜೊತೆ ಒಗೆಯಲು ಹಾಕಬೇಡಿ. ನಾನು ಒಮ್ಮೆ ಹಾಕಿದ್ದೆ. ವಾರವಿಡೀ ಮನೆಮಂದಿಯೆಲ್ಲ ಕೆರೆದುಕೊಂಡರು.

ಕೊರೆದ ಮೇಲೆ

ಎಷ್ಟೇ ಒಳ್ಳೆಯ ಬಿಟ್ ಆದರೂ ಅಂಚನ್ನು ಕೈಯಿಂದ ಒಂದಿಷ್ಟು ಸರಿಮಾಡಬೇಕಾಗುತ್ತದೆ. ಅರ್ಧಗುಂಡಿನ ಅರ ತೆಗೆದುಕೊಂಡು ಹೊಳೆಯುವ ಕಡೆಯಿಂದ ಒಳಮುಖವಾಗಿ ಮಾತ್ರ ತಳ್ಳಿ. ವಾಪಸ್ ಎಳೆಯುವಾಗ ತಾಗಿಸಬೇಡಿ, ಹಿಂದಕ್ಕೆ ಎಳೆದ ಅರ ಜೆಲ್‌ಕೋಟನ್ನು ಎತ್ತುತ್ತದೆ. ಆಮೇಲೆ 120, 220 ನಂಬರಿನ ಸ್ಯಾಂಡ್‌ಪೇಪರನ್ನು ಬೆರಳಿಗೋ ಪೈಪ್ ತುಂಡಿಗೋ ಸುತ್ತಿ ತಿಕ್ಕಿ. ನೀರು, ತೇವ ತಾಗುವ ಜಾಗವಾದರೆ ತೂತಿನ ಒಳಗೋಡೆಗೆ ರೆಸಿನ್ ಅಥವಾ ಎಪಾಕ್ಸಿ ಸವರಿ. ಕತ್ತರಿಸಿದ ಎಳೆಗಳ ತುದಿ ಬತ್ತಿಯ ಹಾಗೆ ನೀರು ಹೀರುತ್ತವೆ.

ಹಾಗಾದರೆ ಯಾವುದು ಕೊಳ್ಳೋದು?

ಒಂದೇ ಒಂದು ಮಧ್ಯಮ ತೂತು ಬೇಕಿದ್ದರೆ ಅದೇ ಅಳತೆಯ ಹೊಸ ಬೈಮೆಟಲ್ ಹೋಲ್ ಸಾ, ಪೈಲಟ್ ಸಮೇತ. ತೆಳು ಪೆಟ್ಟಿಗೆಗಳ ಕೆಲಸವಾದರೆ ಸ್ಟೆಪ್ ಡ್ರಿಲ್ ಒಂದೇ ಸಾಕು, ಹೋಲ್ ಸಾ ಬೇಕಿಲ್ಲ. ದೋಣಿ ಅಥವಾ ಸ್ನಾನದ ಮನೆಯ ಹೊಳೆಯುವ ಮುಖವಾದರೆ, ತೂತು ಒಂದೇ ಇದ್ದರೂ ನಾನು ಹರಳಿನ ಹೋಲ್ ಸಾ ಕೊಳ್ಳುತ್ತೇನೆ. ಒಡೆದ ಜೆಲ್‌ಕೋಟ್‌ಗೆ ತೇಪೆ ಹಾಕಿ ಅದೇ ಬಣ್ಣ ತರುವ ಕಷ್ಟ ಅನುಭವಿಸಿದ್ದೇನೆ. ಹತ್ತು ಹದಿನೈದು ಅಳತೆಯ ದೊಡ್ಡ ಸೆಟ್ ಯಾರಿಗೂ ಬೇಡ. ಅದರಲ್ಲಿ ನೀವು ಬಳಸೋದು ಎರಡು, ಉಳಿದವು ತುಕ್ಕು ಹಿಡಿಯುತ್ತವೆ. ಆ ಹಣಕ್ಕೆ ಬೇಕಾದ ಅಳತೆಯದ್ದೇ ಒಂದು ಒಳ್ಳೆಯದು ಬರುತ್ತದೆ.

ಅಳತೆ ಬರೆದುಕೊಳ್ಳುವಾಗ ಕೂರಿಸುವ ವಸ್ತುವಿನ ಹೊರ ಅಳತೆಯನ್ನೇ ಕ್ಯಾಲಿಪರ್‌ನಿಂದ ಅಳೆಯಿರಿ. ಪೈಪ್ ಮೇಲೆ ಬರೆದ ಅಳತೆಯೂ ಅದರ ಹೊರ ಅಳತೆಯೂ ಎಷ್ಟೋ ಸಲ ಬೇರೆ ಬೇರೆ. ಹೋಲ್ ಸಾ ಒಂಚೂರು ಅಲುಗುತ್ತದೆ, ತೂತು ತನ್ನ ಅಳತೆಗಿಂತ ಕೂದಲೆಳೆ ದೊಡ್ಡದಾಗೇ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೋಲ್ ಸಾದೊಳಗೆ ಸಿಕ್ಕಿಕೊಂಡ ಬಿಲ್ಲೆಯನ್ನು ಬಿಸಾಡಬೇಡಿ. ಪ್ಯಾನೆಲ್ ಎಷ್ಟು ದಪ್ಪ, ಜೆಲ್‌ಕೋಟ್ ಎಷ್ಟು, ನಡುವೆ ತಿರುಳು ಇದೆಯೇ, ಎಲ್ಲ ಅದರ ಅಂಚಿನಲ್ಲಿ ಕಾಣುತ್ತದೆ. ಅದೇ ಪ್ಯಾನೆಲ್‌ಗೆ ಎರಡನೇ ತೂತು ಕೊರೆಯುವ ಮೊದಲು ಆ ಬಿಲ್ಲೆಯನ್ನು ಹಲಗೆಗೆ ಬಿಗಿದು, ಚಿಕ್ಕ ಬಿಟ್ ಹಾಕಿ ವೇಗ, ಒತ್ತಡ ಪರೀಕ್ಷಿಸಬಹುದು. ನನ್ನ ಡಬ್ಬದಲ್ಲಿ ಅಂಥವು ಒಂದು ಡಜನ್ ಇವೆ, ಒಂದೊಂದರ ಹಿಂದೆಯೂ ಯಾವ ಬಿಟ್‌ನಿಂದ ಕೊರೆದದ್ದು ಅಂತ ಬರೆದಿಟ್ಟಿದ್ದೇನೆ. ಆ ಚಪ್ಪಟೆ ಬಿಟ್‌ನ ಗುರುತಿಗೆ ಮಾತ್ರ ಬಿಲ್ಲೆ ಇಲ್ಲ, ಹಾರಿದ ಚಕ್ಕೆ ಇದೆ.